ಕಡಬದ ಸರ್ವರಿಗೆ ನಾನು ಬರೆದ ಒಂದು ಸಾಲು

ಕಡಬದ ಹಮೀದಣ್ಣ ಮಾಡಿದರೆಂದು ಎಲ್ಲರೂ ನಂಬಿರುವ ಆ ತಪ್ಪನ್ನು ಮಾಡಿದವಳು ನಾನು. ಅವರಲ್ಲ. ಗುಡುಗು ಬಂದ ಆ ಸಂಜೆ ಅವರು ಸರ್ವರಿನ ಕೇಬಲನ್ನು ಸರಿಯಾದ ಜಾಗಕ್ಕೇ ಹಾಕಿದ್ದರು. ಮರುದಿನ ಬೆಳಿಗ್ಗೆಯೇ ಅದು ನನಗೆ ತಿಳಿದಿತ್ತು. ತಿಳಿದೂ ತಿಳಿದೂ ಸುಮ್ಮನಿದ್ದೆ — ಸುಮ್ಮನಿದ್ದೆ ಎನ್ನುವುದೂ ಸುಳ್ಳು, ಒಂದು ಮಾತು ಆಡಿದ್ದೆ, ಅದನ್ನು ಮುಂದೆ ಹೇಳುತ್ತೇನೆ.

ಇಷ್ಟನ್ನು ಮೊದಲೇ ಹೇಳಿ ಮುಗಿಸಿದ್ದಕ್ಕೆ ಕಾರಣವಿದೆ. ಸುತ್ತಿ ಬಳಸಿ ಹೇಳಲು ಹೊರಟರೆ ಕೊನೆ ಮುಟ್ಟುವಷ್ಟರಲ್ಲಿ ನಾನು ನನ್ನನ್ನೇ ಪಾಪದವಳನ್ನಾಗಿ ಮಾಡಿಕೊಂಡುಬಿಡುತ್ತೇನೆ. ಮಾತಿನಲ್ಲಿ ನಾನು ಅಷ್ಟು ಜಾಣೆ. ಅದು ನನಗೂ ಗೊತ್ತು, ನನ್ನ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತು.

ನನ್ನ ಹೆಸರು ಹೇಮಲತಾ. ಸುಳ್ಯ ಕಡೆಯವಳು, ಮನೆಯಲ್ಲಿ ಅರೆಭಾಷೆ. ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ವಿಭಾಗವೆಂದರೆ ಬಹಳ ಕಾಲ ನಾನೊಬ್ಬಳೇ. ಮುಖ್ಯಸ್ಥೆಯೂ ನಾನೇ, ಪ್ರಿಂಟರಿನ ಟೋನರ್ ಬದಲಿಸುವವಳೂ ನಾನೇ. ಕೆಲಸದಲ್ಲಿ ಗಟ್ಟಿಗಿತ್ತಿ. ನಾನು ಮುಟ್ಟಿದ ಕೆಲಸವನ್ನು ಇನ್ನೊಬ್ಬರು ಬಂದು ಸರಿ ಮಾಡಬೇಕಾದ ಸಂದರ್ಭ ಬರುವುದಿಲ್ಲ. ಜಂಬ ಅನ್ನುತ್ತೀರಾ? ಹೌದು, ಜಂಬವೇ. ಇವತ್ತು ತಪ್ಪೊಪ್ಪಿಕೊಳ್ಳುತ್ತಿದ್ದೇನೆ ಎಂಬ ಕಾರಣಕ್ಕೆ ನಾನು ದಡ್ಡಿಯಾಗಿದ್ದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕೆಲಸ ಬಾರದೆ ಆದ ತಪ್ಪಲ್ಲ ಇದು.

ಆಸ್ಪತ್ರೆಗೆ ಪುತ್ತೂರಿನಲ್ಲಿ ದೊಡ್ಡ ಕಟ್ಟಡ, ಸುಳ್ಯದಲ್ಲೂ ಕಡಬದಲ್ಲೂ ಒಂದೊಂದು ಚಿಕ್ಕ ಶಾಖೆ. ಮೂರೂ ಕಡೆ ಒಂದೊಂದು ಹೋಸ್ಟ್ ಸರ್ವರ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ — ಪೆಟ್ಟಿಗೆ ಒಂದೇ, ಆದರೆ ಅದರೊಳಗೆ ತಂತ್ರಾಂಶದಲ್ಲೇ ಕಟ್ಟಿದ ನಾಲ್ಕಾರು ವರ್ಚುವಲ್ ಸರ್ವರ್‌ಗಳು ಬೇರೆ ಬೇರೆಯಾಗಿ ಓಡುತ್ತಿರುತ್ತವೆ. ರೋಗಿಗಳ ನೋಂದಣಿಗೆ ಒಂದು, ಲ್ಯಾಬಿನ ವರದಿಗಳಿಗೆ ಒಂದು, ಔಷಧಿ ಅಂಗಡಿಗೆ ಒಂದು. ಒಂದೇ ಸೂರಿನಡಿ ನಾಲ್ಕು ಸಂಸಾರ ಇದ್ದ ಹಾಗೆ. ಹೋಸ್ಟಿನೊಳಗೆ ಕಳ್ಳ ನುಗ್ಗಿದರೆ ನಾಲ್ಕೂ ಸಂಸಾರ ಒಟ್ಟಿಗೆ ಬೀದಿಗೆ ಬರುತ್ತದೆ. ಅದಕ್ಕಾಗಿ ಅದರ ಬಾಗಿಲಲ್ಲಿ ಫೈರ್‌ವಾಲ್ ಇರುತ್ತದೆ. ಯಾವ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನಾವು ಅದಕ್ಕೆ ಒಂದೊಂದಾಗಿ ಹೇಳಿಕೊಡಬೇಕು.

ಮೊದಲೆಲ್ಲ ಮೂರೂ ಹೋಸ್ಟುಗಳಿಗೆ ಕೈಯಲ್ಲೇ ಟೈಪ್ ಮಾಡಿ ಹೇಳಿಕೊಡುತ್ತಿದ್ದೆ. ಆಮೇಲೆ ಒಂದು ಸ್ಕ್ರಿಪ್ಟ್ ಬರೆದೆ. ಆಜ್ಞೆಗಳನ್ನೆಲ್ಲ ಸಾಲಾಗಿ ಒಂದು ಕಡತದಲ್ಲಿ ಬರೆದಿಟ್ಟು ಪುತ್ತೂರಿನಿಂದ ಓಡಿಸಿದರೆ ಸಾಕು, ಮೂರು ಊರಿನ ಮೂರು ಹೋಸ್ಟುಗಳ ಬಾಗಿಲು ತಾವಾಗಿ ಸರಿಯಾಗುತ್ತವೆ. ಇದರಲ್ಲಿ ಸಾಲುಗಳ ಕ್ರಮ ಮುಖ್ಯ. ಮೊದಲು ನನ್ನ ವಿಳಾಸವನ್ನು ಸೇರಿಸಬೇಕು, ಆಮೇಲೆ ಉಳಿದವರಿಗೆಲ್ಲ ಮುಚ್ಚಬೇಕು. ತಿರುಗಾಮುರುಗಾ ಮಾಡಿದರೆ ನಾವೇ ಹೊರಗೆ ಉಳಿದುಹೋಗುತ್ತೇವೆ, ಮತ್ತೆ ಆ ಊರಿಗೇ ಹೋಗಿ ಸರ್ವರಿನ ಮುಂದೆ ಕೂರಬೇಕು. ಎಂಥೆಂಥವರೋ ಇಲ್ಲಿ ಎಡವಿದ್ದಾರೆ. ನಾನು ಎಡವಲಿಲ್ಲ. ಮೊದಲ ಸಲ ಓಡಿಸಿದಾಗಲೇ ಮೂರೂ ಸರಿಯಾಗಿ ಕುಳಿತವು, ಆ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೋಳಿಬಜೆ ಕೊಡಿಸಿದೆ.

ಇಲ್ಲಿಗೆ ನಮ್ಮ ಊರಿನ ಗುಡುಗು ಬರುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಸಂಜೆಯ ಮೇಲೆ ಏಳುವ ಆ ಗುಡುಗು ಮಿಂಚನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಮೊದಲ ಗುಡುಗು ಕೇಳಿದ ಕೂಡಲೇ ಮನೆಮನೆಯಲ್ಲಿ ಟಿವಿಯ ವಯರು, ಮೋಡೆಮ್ಮಿನ ವಯರು ಎಲ್ಲ ಎಳೆದು ಕೆಳಗೆ ಹಾಕುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕೆಲಸ. ಒಂದು ವರ್ಷ ಸುಳ್ಯದ ಶಾಖೆಯಲ್ಲಿ ಹೊರಗಿನ ಕೇಬಲಿನಲ್ಲೇ ಮಿಂಚು ಇಳಿದು ಸ್ವಿಚ್ಚು, ಎರಡು ಕಂಪ್ಯೂಟರು ಸುಟ್ಟು ಕರಕಲಾದವು. ಅಂದಿನಿಂದ ನಾನೇ ಒಂದು ನಿಯಮ ಮಾಡಿದೆ. ಗುಡುಗಿದರೆ ಹೋಸ್ಟಿನ ಹಿಂದಿರುವ ನೆಟ್‌ವರ್ಕ್ ಕೇಬಲ್ ಎಳೆಯಬೇಕು, ನಿಂತ ಮೇಲೆ ಹಾಕಬೇಕು. ಬೇರೆ ಊರಿನ ಎಂಜಿನಿಯರ್ ಕೇಳಿದರೆ ನಗಬಹುದು. ನಗಲಿ, ಅವರ ಸ್ವಿಚ್ಚು ಸುಟ್ಟಿಲ್ಲವಲ್ಲ.

ಕಡಬದಲ್ಲಿ ಆ ಕೆಲಸ ಹಮೀದಣ್ಣನದ್ದು. ನೋಂದಣಿಯ ಕೌಂಟರಿನಲ್ಲಿ ಇದ್ದವರು, ನನಗಿಂತ ಸ್ವಲ್ಪ ದೊಡ್ಡವರು. ಮನೆಮಾತು ಬ್ಯಾರಿ, ಆದರೆ ಬಂದ ರೋಗಿ ತುಳುವಿನಲ್ಲಿ ಮಾತಾಡಿದರೆ ತುಳು, ಮಲಯಾಳದಲ್ಲಿ ಮಾತಾಡಿದರೆ ಮಲಯಾಳ. ಕಂಪ್ಯೂಟರಿನ ಮೇಲೆ ಅವರಿಗೆ ವಿಪರೀತ ಆಸೆ. ನಾನು ಹೋದಾಗಲೆಲ್ಲ ಪಕ್ಕದಲ್ಲಿ ನಿಂತು, "ಇದು ಎಂತದು ಮೇಡಂ, ಅದು ಎಂತಕ್ಕೆ?" ಎಂದು ಕೇಳಿಕೇಳಿ ಕಲಿಯುತ್ತಿದ್ದರು. ಕಲಿತದ್ದನ್ನು ಮರೆಯುತ್ತಿರಲಿಲ್ಲ. ಸುಳ್ಯ, ಕಡಬ ಎರಡೂ ಶಾಖೆಗಳ ಕಂಪ್ಯೂಟರ್ ಉಸ್ತುವಾರಿ ಅವರಿಗೇ ಕೊಡಬೇಕೆಂದು ಆಸ್ಪತ್ರೆ ನಡೆಸುವ ದೊಡ್ಡ ಡಾಕ್ಟರ ಬಳಿ ಹೇಳಿದವಳೂ ನಾನೇ. ಡಾಕ್ಟರು ಒಪ್ಪಿದ್ದರು. ಹಮೀದಣ್ಣ ಅದನ್ನು ಹೆಂಡತಿ ಜೊಹರಾಗೆ, ನೆಂಟರಿಗೆ, ಜೀಪಿನ ಡ್ರೈವರುಗಳಿಗೆಲ್ಲ ಹೇಳಿಕೊಂಡು ಬಂದಿದ್ದರು.

ಹೋಸ್ಟಿನ ಹಿಂಬದಿಯಲ್ಲಿ ಕೇಬಲ್ ಹಾಕುವ ತೂತುಗಳು ನಾಲ್ಕಿದ್ದವು, ನೋಡಲು ಎಲ್ಲ ಒಂದೇ ಥರ. ಶುರುವಿನಲ್ಲಿ ಹಮೀದಣ್ಣ ಒಂದೆರಡು ಸಲ ತಪ್ಪು ತೂತಿಗೆ ಹಾಕಿದ್ದು ನಿಜ. ತಪ್ಪು ತೂತಿಗೆ ಹೋದರೆ ಹೋಸ್ಟಿಗೆ ನಾನು ಬೇರೆ ವಿಳಾಸದಿಂದ ಬಂದವಳ ಹಾಗೆ ಕಾಣುತ್ತೇನೆ, ನನ್ನ ಸ್ಕ್ರಿಪ್ಟೇ ನನ್ನನ್ನು ಹೊರಗೆ ನಿಲ್ಲಿಸುತ್ತದೆ. ಪುತ್ತೂರಿನಿಂದ ಉಪ್ಪಿನಂಗಡಿ, ಅಲ್ಲಿಂದ ಬಸ್ಸು ಹಿಡಿದು ಕಡಬ. ಹೋಗಿ ಒಂದು ಕೇಬಲನ್ನು ಆ ತೂತಿನಿಂದ ಈ ತೂತಿಗೆ ಬದಲಿಸಿ ವಾಪಸು ಬರುವುದು. "ಎಂತ ಸಾವು ಮಾರಾಯ್ರೆ ಇದು!" ಎಂದು ಬಸ್ಸಿನಲ್ಲೇ ಬಡಬಡಿಸಿದ್ದೇನೆ. ಫೋನಿನಲ್ಲಿ ಹೇಳಿ ಮಾಡಿಸಬಹುದಿತ್ತು. ಆದರೆ ಗುಡುಗಿದ ದಿನ ಕಡಬದಲ್ಲಿ ಫೋನು ಸಿಗುವುದೆಂದರೆ ಅದೃಷ್ಟ.

ಆ ವರ್ಷದ ಸಭೆಯಲ್ಲಿ ದೊಡ್ಡ ಡಾಕ್ಟರು ಎಲ್ಲರೆದುರು, "ನಮ್ಮ ಹೇಮಲತಾ ಕೂತಲ್ಲಿಂದಲೇ ಮೂರು ತಾಲೂಕು ನೋಡಿಕೊಳ್ತಾರೆ," ಎಂದು ಹೊಗಳಿದ್ದರು. ಚಪ್ಪಾಳೆ ಬಿದ್ದಿತ್ತು. ಅದಾದ ಮರುವಾರವೇ ನಾನು ಮತ್ತೆ ಕಡಬದ ಬಸ್ಸಿನಲ್ಲಿ. ಪಕ್ಕದ ಸೀಟಿನಲ್ಲಿ ನಮ್ಮ ಆಸ್ಪತ್ರೆಯ ನರ್ಸ್ ಒಬ್ಬಳು, "ಎಂತ ಮೇಡಂ, ಕೂತಲ್ಲಿಂದಲೇ ಅಲ್ವಾ?" ಎಂದು ನಕ್ಕಳು. ತಮಾಷೆಗೆ ಹೇಳಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸು ಬಂದವಳೇ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದೆ. ಹೋಸ್ಟ್ ಕಡಬದ್ದಾದರೆ, ಯಾವ ವಿಳಾಸದಿಂದ ಬಂದರೂ ಒಳಗೆ ಬಿಡು. ಅಷ್ಟೇ. ಇನ್ನು ಕೇಬಲನ್ನು ಯಾವ ತೂತಿಗೆ ಹಾಕಿದರೂ ನಾನು ಪುತ್ತೂರಿನಿಂದಲೇ ಒಳಗೆ ಹೋಗಬಹುದು. ಪಕ್ಕದಲ್ಲಿ 'ತಾತ್ಕಾಲಿಕ' ಎಂದೂ ಬರೆದೆ. ಈ ಸಾಲಿನ ಅರ್ಥವೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಡಬದಂಥ ಚಿಕ್ಕ ಶಾಖೆಯಲ್ಲಿ ಎಲ್ಲ ಸಂಪರ್ಕಗಳೂ ಒಂದೇ ರೌಟರಿಗೆ ಬಂದು ಸೇರುತ್ತವೆ. ರೋಗಿಗಳ ಜೊತೆ ಬಂದವರಿಗೆಂದು ಕೊಟ್ಟ ವೈಫೈ ಕೂಡ. ಅಲ್ಲಿ ಬೆಂಚಿನಲ್ಲಿ ಕುಳಿತವರಿಗೂ ನನಗೂ ಹೋಸ್ಟಿನ ಕಣ್ಣಿನಲ್ಲಿ ಇನ್ನು ವ್ಯತ್ಯಾಸವಿಲ್ಲ. ಮೇಲಾಗಿ ಆ ಹೋಸ್ಟಿನ ತಂತ್ರಾಂಶದಲ್ಲಿ ಒಂದು ಹಳೆಯ ದೋಷವಿತ್ತು; ಸರಿಪಡಿಸಲು ಅದನ್ನು ನಿಲ್ಲಿಸಬೇಕು, ನಿಲ್ಲಿಸಿದರೆ ಲ್ಯಾಬ್ ನಿಲ್ಲುತ್ತದೆ ಎಂದು ಮುಂದೂಡುತ್ತ ಬಂದಿದ್ದೆ. ಆ ದೋಷಕ್ಕೂ ಹೊರಗಿನ ಲೋಕಕ್ಕೂ ನಡುವೆ ಇದ್ದದ್ದು ಫೈರ್‌ವಾಲ್ ಒಂದೇ.

ಇನ್ನೂ ಒಂದು ಮಾತು — ಇದನ್ನು ಹೇಳದೆ ಬಿಡಬಹುದಿತ್ತು, ಆದರೆ... ಹೇಳುತ್ತೇನೆ. ನಾನು ಆ ಸಾಲು ಬರೆದ ಕೆಲವೇ ದಿನಗಳಲ್ಲಿ ಹಮೀದಣ್ಣ ಜೊಹರಾಳ ಉಗುರಿನ ಬಣ್ಣದ ಶೀಶೆ ತಂದು ಸರಿಯಾದ ತೂತಿನ ಸುತ್ತ ಕೆಂಪು ಬಳಿದಿದ್ದರು. ಫೋಟೋ ತೆಗೆದು ನನಗೆ ಕಳಿಸಿ, "ಇನ್ನು ತಪ್ಪುದಿಲ್ಲ ಮೇಡಂ" ಎಂದು ಬರೆದಿದ್ದರು. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಅಂದರೆ ಆ ಸಾಲಿನ ಅಗತ್ಯ ಆಗಲೇ ಮುಗಿದಿತ್ತು. ಅಳಿಸಲು ಒಂದು ನಿಮಿಷದ ಕೆಲಸ. ಓಡುತ್ತಿರುವುದನ್ನು ಯಾಕೆ ಮುಟ್ಟುವುದು ಎಂದು ಬಿಟ್ಟೆ. ಎಲ್ಲಿಂದ ಬೇಕಾದರೂ ಒಳಗೆ ಹೋಗುವ ಸುಖ ನನಗೂ ರೂಢಿಯಾಗಿತ್ತು.

ಮುಂದಿನ ಗುಡುಗಿನ ಕಾಲದಲ್ಲಿ ಒಂದು ಸಂಜೆ ಕಡಬದಲ್ಲಿ ಜೋರು ಗುಡುಗು, ಕರೆಂಟೂ ಹೋಗಿತ್ತು. ಹಮೀದಣ್ಣ ನಿಯಮದಂತೆ ಕೇಬಲ್ ಎಳೆದರು. ಗುಡುಗು ನಿಂತ ಮೇಲೆ ಮೊಬೈಲಿನ ಬೆಳಕಿನಲ್ಲಿ ಮತ್ತೆ ಹಾಕಿ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಲ್ಯಾಬಿನವರು ಕಂಪ್ಯೂಟರ್ ಹಚ್ಚಿದರೆ ಒಂದು ವರದಿಯೂ ತೆರೆಯಲಿಲ್ಲ. ವೈಫೈ ಮೂಲಕ ಯಾರದೋ ಯಂತ್ರದಿಂದ ಹೋಸ್ಟಿನೊಳಗೆ ಹೊಕ್ಕ ವೈರಸ್ಸು ಎಲ್ಲ ಕಡತಗಳಿಗೂ ಬೀಗ ಜಡಿದಿತ್ತು. ಪುತ್ತೂರಿನಲ್ಲಿ ಕಡತಗಳ ಪ್ರತಿ ಇಟ್ಟಿದ್ದೆ. ಆದರೆ ಪ್ರತಿ ಬರುತ್ತಿದ್ದದ್ದು ಸಂಜೆಯ ಹೊತ್ತಿಗೆ, ಆ ವಾರವೆಲ್ಲ ಸಂಜೆ ಗುಡುಗು, ಕೇಬಲ್ ಹೊರಗೆ. ಹೀಗಾಗಿ ಒಂದು ವಾರದ ಪರೀಕ್ಷೆಗಳ ಫಲಿತಾಂಶ ಪೂರ್ತಿ ಹೋಯಿತು. ರಕ್ತ ಕೊಟ್ಟವರು ಮತ್ತೆ ಬಂದು ರಕ್ತ ಕೊಡಬೇಕು.

ನಾನು ಪುತ್ತೂರಿನಲ್ಲೇ ಕುಳಿತು ಹೋಸ್ಟಿನ ದಾಖಲೆ ನೋಡಿದೆ. ಯಾವ ತೂತಿನಲ್ಲಿ ಕೇಬಲ್ ತೆಗೆದದ್ದು, ಯಾವುದರಲ್ಲಿ ಹಾಕಿದ್ದು ಎಲ್ಲ ಅದರಲ್ಲಿ ಇರುತ್ತದೆ. ತೆಗೆದದ್ದೂ ಹಾಕಿದ್ದೂ ಅದೇ ಕೆಂಪು ಬಳಿದ ತೂತಿನಲ್ಲಿ. ವೈರಸ್ಸು ಬಂದದ್ದು ಯಾವ ದಾರಿಯಿಂದ ಎಂಬುದೂ ಅಲ್ಲೇ ಇತ್ತು — ನನ್ನ ಆ ಸಾಲಿನಿಂದ. ನೋಡಿದೆ. ಆಮೇಲೆ ಸ್ಕ್ರಿಪ್ಟನ್ನು ತೆರೆದು ಆ ಸಾಲನ್ನು ಅಳಿಸಿದೆ. ಅಳಿಸುವಾಗ ಕೈ ನಡುಗಿತು ಎಂದು ಬರೆದರೆ ನಿಮಗೆ ಇಷ್ಟವಾಗಬಹುದು. ನಡುಗಲಿಲ್ಲ. ಯಾವತ್ತಿನ ಹಾಗೆ ಚಕಚಕನೆ ಮಾಡಿ ಮುಗಿಸಿದೆ.

ಮಧ್ಯಾಹ್ನ ಪುತ್ತೂರಿನಲ್ಲೇ ದೊಡ್ಡ ಡಾಕ್ಟರ ಕೋಣೆಯಲ್ಲಿ ಸಭೆ. ಡಾಕ್ಟರು, ಇಬ್ಬರು ನಿರ್ದೇಶಕರು, ಲ್ಯಾಬಿನ ಮುಖ್ಯಸ್ಥರು, ನಾನು, ಹಮೀದಣ್ಣ. ಏನಾಗಿರಬಹುದೆಂದು ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿದವರು ಆ ಕೋಣೆಯಲ್ಲಿ ನಾನೊಬ್ಬಳೇ. ನಾನು ಬಾಯಿ ತೆರೆಯುವ ಮೊದಲೇ ಹಮೀದಣ್ಣ ಎದ್ದು ನಿಂತರು. ಮುಖ ಬಿಳಿಚಿಹೋಗಿತ್ತು.

"ನಿನ್ನೆ ಕರೆಂಟ್ ಇರ್ಲಿಲ್ಲ ಡಾಕ್ಟ್ರೆ. ಕತ್ತಲೆಯಲ್ಲಿ ಹಾಕಿದ್ದು ಕೇಬಲ್. ನಾನೇ ತಪ್ಪಿ ವೈಫೈಯ ತೂತಿಗೆ ಹಾಕಿದೆನಾ ಎಂತದ್ದಾ..." ಎಂದರು. ಹೇಳುತ್ತ ನನ್ನ ಕಡೆ ತಿರುಗಿದರು. "ಹಾಗೆ ಆಗಿರ್ಬಹುದಾ ಮೇಡಂ?"

ಅವರು ನನ್ನನ್ನು ನಂಬಿ ಕೇಳಿದರು. ಅವರಿಗೆ ಕೆಲಸ ಕಲಿಸಿದವಳು ನಾನು. 'ಇಲ್ಲ' ಎಂಬ ಒಂದು ಮಾತು ಸಾಕಿತ್ತು. ನಿಜವಾಗಿ ನನ್ನ ಸ್ಕ್ರಿಪ್ಟ್ ಇರಬೇಕಾದ ಹಾಗೆ ಇದ್ದಿದ್ದರೆ ಕೇಬಲನ್ನು ಎಲ್ಲಿಗೆ ಹಾಕಿದರೂ ಹೊರಗಿನವರಿಗೆ ಬಾಗಿಲು ತೆರೆಯುತ್ತಿರಲಿಲ್ಲ, ನಾನು ಮಾತ್ರ ಹೊರಗೆ ಉಳಿಯುತ್ತಿದ್ದೆ. ಅದನ್ನು ಹೇಳಬೇಕಿತ್ತು.

"ಆಗಿರ್ಲಿಕ್ಕೂ ಸಾಕು," ಎಂದೆ.

ಇದೇ ನಾನು ಆಡಿದ ಮಾತು. ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಯಾರ ಮೇಲೂ ತಪ್ಪು ಹೊರಿಸಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡದ್ದು ಈ ಮಾತಿನ ಬಲದ ಮೇಲೆ. ಆದರೆ ಆ ಕೋಣೆಯಲ್ಲಿದ್ದವರಿಗೆ ಅಷ್ಟೇ ಬೇಕಾಗಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸರಿ, ಇನ್ನು ಮಂಡೆಬಿಸಿ ಮಾಡಿ ಪ್ರಯೋಜನ ಇಲ್ಲ," ಎಂದರು. ಬಯ್ಯಲಿಲ್ಲ. ಒಳ್ಳೆಯ ಮನುಷ್ಯ. ಆದರೆ ಎರಡು ಶಾಖೆಗಳ ಉಸ್ತುವಾರಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಹಮೀದಣ್ಣ ಮಾಡಿದ್ದೇನು ಗೊತ್ತೇ? ಮರುದಿನದಿಂದ ರಜೆ ಹಾಕಿ, ಸಂಬಂಧಿಕರ ಜೀಪು ತೆಗೆದುಕೊಂಡು, ಯಾರ ಯಾರ ವರದಿ ಹೋಗಿತ್ತೋ ಅವರ ಮನೆಮನೆಗೆ ಹೋದರು. ಕಡಬದ ಒಳಗಿನ ಹಳ್ಳಿಗಳು, ರಾಮಕುಂಜ, ಎಲ್ಲ ಕಡೆ. "ನನ್ನ ಕೈಯಿಂದ ತಪ್ಪಾಯ್ತು, ಒಮ್ಮೆ ಬನ್ನಿ," ಎಂದು ಹೇಳಿ, ನಡೆಯಲಾಗದವರನ್ನು ತಾವೇ ಕರೆತಂದು ಮತ್ತೆ ರಕ್ತ ಕೊಡಿಸಿ, ತಿರುಗಿ ಮನೆಗೆ ಬಿಟ್ಟು ಬಂದರು. ಯಾರೂ ಅವರಿಗೆ ಹೇಳಿರಲಿಲ್ಲ ಹಾಗೆ ಮಾಡಲು. ಲ್ಯಾಬಿನವರು ಫೋನಿನಲ್ಲಿ ಇದನ್ನು ನನಗೆ ಹೇಳುವಾಗ ನಾನು ಪುತ್ತೂರಿನ ನನ್ನ ಕೋಣೆಯಲ್ಲಿ ಕುಳಿತು ಸರ್ವರ್ ಮತ್ತೆ ಕಟ್ಟುತ್ತಿದ್ದೆ. ಎಲ್ಲ ಮುಗಿದ ಮೇಲೆ ಅವರು ಕೆಲಸ ಬಿಟ್ಟರು. ಡಾಕ್ಟರು ಬೇಡವೆಂದರೂ ಕೇಳಲಿಲ್ಲ. ನನಗೆ ಫೋನು ಮಾಡಿ, "ನಿಮಗೆ ನನ್ನಿಂದ ಕೆಟ್ಟ ಹೆಸರು ಬಂತು ಮೇಡಂ, ಬೇಜಾರು ಮಾಡ್ಬೇಡಿ," ಎಂದರು. ನಾನು, "ಇರಲಿ ಬಿಡಿ ಹಮೀದಣ್ಣ," ಎಂದೆ. ನಾಚಿಕೆ ಇಲ್ಲದೆ ದೊಡ್ಡ ಮನಸ್ಸಿನವಳ ಹಾಗೆ ಮಾತಾಡಿದೆ.

ಆಮೇಲೆ ವರ್ಷಗಳು ಹೋದವು. ಹಮೀದಣ್ಣ ಕಡಬ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರು, ಇನ್ವರ್ಟರು ರಿಪೇರಿಯ ಅಂಗಡಿ ಹಾಕಿದರು. ನನ್ನ ಸ್ಕ್ರಿಪ್ಟ್ ಈಗ ಬೇರೆಯೇ ಆಗಿದೆ, ಹಳೆಯ ದೋಷಗಳನ್ನೆಲ್ಲ ಸರಿಪಡಿಸಿದ್ದೇನೆ, ಅದರಲ್ಲಿ ಯಾವ ಊರಿಗೂ ವಿನಾಯಿತಿ ಇಲ್ಲ. ನನ್ನ ಕೆಳಗೆ ಈಗ ಇಬ್ಬರಿದ್ದಾರೆ. ಹೊಸಬರಿಗೆ ಪಾಠ ಹೇಳುವಾಗ, ತಾತ್ಕಾಲಿಕ ಎಂದು ಬರೆದ ಸಾಲನ್ನು ನಂಬಬೇಡಿ ಎಂದು ಬಹಳ ಗತ್ತಿನಿಂದ ಹೇಳುತ್ತೇನೆ. ಎಲ್ಲಿಂದ ಕಲಿತೆನೆಂದು ಹೇಳುವುದಿಲ್ಲ.

ಈಚೆಗೆ ಕಡಬದ ಹೋಸ್ಟನ್ನು ಬದಲಿಸುವ ಕೆಲಸಕ್ಕೆ ಹೋಗಿದ್ದೆ. ಸರ್ವರ್ ಕೋಣೆಯ ಇನ್ವರ್ಟರ್ ಕೈಕೊಟ್ಟಿತು. ಅಲ್ಲಿನ ಹುಡುಗಿಯರು, ಪೇಟೆಯಲ್ಲಿ ಹಮೀದಾಕನಿಗಿಂತ — ಹಮೀದಣ್ಣನನ್ನು ಅವರು ಕರೆಯುವುದೇ ಹಾಗೆ — ಚೆನ್ನಾಗಿ ನೋಡುವವರು ಯಾರೂ ಇಲ್ಲ ಎಂದರು. ನಾನೇ ಅಂಗಡಿಗೆ ಹೋದೆ. ಕಂಡ ಕೂಡಲೇ ಮುಖ ಅರಳಿಸಿ ಕುರ್ಚಿ ಎಳೆದು ಕೊಟ್ಟರು, ಎದುರಿನ ಹೋಟೆಲಿನಿಂದ ಚಹಾ ತರಿಸಿದರು. ಇನ್ವರ್ಟರ್ ವಿಷಯ ಹೇಳಿದೆ. ಅವರು ಎರಡೂ ಕೈ ಮೇಲೆತ್ತಿ ನಕ್ಕರು.

"ಬೇಡ ಮೇಡಂ, ಆ ಕೋಣೆಗೆ ನಾನು ಬರುದಿಲ್ಲ. ನನ್ನ ಕೈ ಆ ಕೆಲಸಕ್ಕೆ ಆಗುದಿಲ್ಲ. ಇನ್ವರ್ಟರ್ ಇಲ್ಲಿಗೆ ಕಳಿಸಿ, ಮಾಡಿಕೊಡುವ."

ಪಕ್ಕದಲ್ಲಿ ಗ್ರೈಂಡರ್ ತಂದಿದ್ದ ಗಿರಾಕಿಯೊಬ್ಬರು ಯಾಕೆಂದು ಕೇಳಿದರು. ಹಮೀದಣ್ಣ ಅವರಿಗೆ ಹೇಳಿದರು, "ಇವರ ಸರ್ವರ್ ಒಮ್ಮೆ ಪೂರಾ ಹಾಳು ಮಾಡಿದ್ದು ನಾನೇ ಅಲ್ವಾ ಮಾರಾಯ್ರೆ! ಕೇಬಲ್ ಹಾಕ್ಲಿಕ್ಕೆ ಗೊತ್ತಿಲ್ಲದ ಹೆಡ್ಡ ನಾನು." ಗಿರಾಕಿ ನಕ್ಕರು. ಹಮೀದಣ್ಣನೂ ನಕ್ಕರು. ಬಹಳ ಸಲ ಹೇಳಿ ಪಳಗಿದ ಕಥೆಯೆಂದು ಹೇಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಅರ್ಧ ಚಹಾ ಬಿಟ್ಟು ಎದ್ದೆ.

ಅವರ ಕೆಲಸ ಹೋಯಿತು, ಹೆಸರು ಕೆಟ್ಟಿತು, ಅಷ್ಟು ನನಗೆ ಮೊದಲೇ ಗೊತ್ತಿತ್ತು. ಆದರೆ ತನ್ನ ಕೈ ಸರಿಯಿಲ್ಲವೆಂದು ಅವರು ಇಷ್ಟು ಕಾಲ ನಂಬಿಕೊಂಡು ಬಂದಿದ್ದಾರೆ ಎಂಬುದು... ಅಷ್ಟು ನಿಯತ್ತಿನ ಕೈ ಅದು. ಆ ನಂಬಿಕೆಯನ್ನು ಅವರೊಳಗೆ ಇಟ್ಟವಳು ನಾನು, ತೆಗೆಯಬಲ್ಲವಳೂ ನಾನೊಬ್ಬಳೇ. ಬೇರೆ ಯಾರಿಗೂ ಸತ್ಯ ಗೊತ್ತಿಲ್ಲ. ನನಗೆ ಒಂದು ವೇಳೆ ಏನಾದರೂ ಆಗಿಬಿಟ್ಟಿದ್ದರೆ ಅವರು ಆ ಸುಳ್ಳಿನಲ್ಲೇ ಉಳಿದುಬಿಡುತ್ತಿದ್ದರು.

ಮೊದಲು ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು, "ಆದದ್ದು ಆಯ್ತು. ಈಗ ಪೊಕ್ಕಡೆ, ಸುಮ್ಮನೆ ಎಂತಕ್ಕೆ ಅದನ್ನೆಲ್ಲ ಕೆದಕುದು ಹೇಮಲತಾ?" ಎಂದರು. "ಕೆದಕ್ಲೇಬೇಕು ಡಾಕ್ಟ್ರೆ. ಕೆಲಸದಿಂದ ತೆಗಿಯುದಾದ್ರೆ ತೆಗೀರಿ," ಎಂದೆ. ತೆಗೆಯಲಿಲ್ಲ. ತೆಗೆದಿದ್ದರೂ ಅದು ಅವರ ಹಕ್ಕು.

ಭಾನುವಾರ ಕಡಬಕ್ಕೆ ಹೋದೆ. ಅಂಗಡಿಗೆ ರಜೆ; ಹಿಂದಿನ ಮನೆಯ ಜಗಲಿಯಲ್ಲಿ ಹಮೀದಣ್ಣ ಫ್ಯಾನೊಂದನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದರು. ನಾನು ಕುಳಿತುಕೊಳ್ಳಲಿಲ್ಲ.

"ಹಮೀದಣ್ಣ, ಆ ದಿನ ನೀವು ಕೇಬಲ್ ಸರಿಯಾಗಿಯೇ ಹಾಕಿದ್ರಿ. ತಪ್ಪು ಇದ್ದದ್ದು ನಾನು ಬರೆದ ಸ್ಕ್ರಿಪ್ಟಿನಲ್ಲಿ. ಕಡಬಕ್ಕೆ ಮಾತ್ರ ಫೈರ್‌ವಾಲ್ ತೆರೆದಿಟ್ಟದ್ದು ನಾನು."

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. "ಸರಿ ಹಾಕಿದ್ದೆನಾ?" ಎಂದರು.

"ಹೌದು."

"ಕೆಂಪಿನದ್ದಕ್ಕೆ?"

"ಕೆಂಪಿನದ್ದಕ್ಕೇ."

"ನಿಮಗೆ ಯಾವಾಗ ಗೊತ್ತಾದದ್ದು?"

"ಮರುದಿನ ಬೆಳಿಗ್ಗೆ. ಮೀಟಿಂಗಿಗೆ ಮೊದಲೇ."

ಅವರು ಒಳಗೆ ನೋಡಿ ಬ್ಯಾರಿಯಲ್ಲಿ ಜೊಹರಾಳನ್ನು ಕರೆದರು. ಆಕೆ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು. "ಇವಳ ಎದುರು ಇನ್ನೊಮ್ಮೆ ಹೇಳಿ," ಎಂದರು ಹಮೀದಣ್ಣ. ಹೇಳಿದೆ. ಒಂದು ಅಕ್ಷರ ಬಿಡದೆ ಹೇಳಿದೆ.

ಜೊಹರಾ ನನ್ನ ಮುಖವನ್ನೇ ನೋಡಿದಳು. "ಇವರು ಎಷ್ಟು ದಿನ ಊಟ ಬಿಟ್ಟು ಕೂತಿದ್ರು ಗೊತ್ತುಂಟಾ ನಿಮಗೆ? ಕೈಯನ್ನೇ ನೋಡಿಕೊಂಡು ಕೂತುಕೊಳ್ತಿದ್ರು," ಎಂದಳು. ಧ್ವನಿ ಏರಿಸಲಿಲ್ಲ. ಮನಸ್ಸಿನಲ್ಲಿ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ನಿಂತಾಗ ಅದನ್ನು ಕೇಳುವುದೇ ಅಧಿಕಪ್ರಸಂಗ ಅನ್ನಿಸಿತು. ತಪ್ಪಾಯಿತು ಎಂದೆ, ಕ್ಷಮಿಸಿ ಎನ್ನಲಿಲ್ಲ.

ಹಮೀದಣ್ಣ ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಂಡರು. "ನಾನು ಆ ಮನೆಗಳಿಗೆಲ್ಲ ಹೋಗಿ ನನ್ನಿಂದ ಆದದ್ದು ಅಂತ ಹೇಳಿದ್ದೇನಲ್ಲ ಮೇಡಂ. ಅದನ್ನು ಇನ್ನು ಯಾರು ಸರಿ ಮಾಡುದು?"

"ನಾನು."

"ನಾನು ಬರುದಿಲ್ಲ ನಿಮ್ಮ ಒಟ್ಟಿಗೆ."

"ಬರುದು ಬೇಡ. ಮನೆಗಳು ಯಾವುದು ಅಂತ ಹೇಳಿ, ಸಾಕು."

ಅವರಿಗೆ ಎಲ್ಲ ಬಾಯಲ್ಲೇ ಇತ್ತು. ಯಾವ ತಿರುವಿನಲ್ಲಿ ಜೀಪು ಇಳಿಯಬೇಕು, ಯಾರ ಮನೆಯಲ್ಲಿ ನಾಯಿ ಉಂಟು, ಎಲ್ಲ ಹೇಳಿದರು. ನನ್ನ ಮುಖ ನೋಡದೆ ಹೇಳಿದರು. ಚಹಾ ಕೊಡಲಿಲ್ಲ. ಮೊದಲ ಬಾರಿಗೆ ಅವರ ಬಳಿಯಿಂದ ಚಹಾ ಕುಡಿಯದೆ ಹೊರಟೆ, ಅದೇ ಸರಿ.

ಅಂದೇ ರಾಮಕುಂಜದ ಮೊದಲ ಮನೆಗೆ ಹೋದೆ. ಗಿರಿಜಕ್ಕ ಎಂಬ ವಯಸ್ಸಾದ ಹೆಂಗಸು. ಆಗ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಎರಡೆರಡು ಸಲ ರಕ್ತ ಕೊಟ್ಟವರು. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನಾನು ಯಾರೆಂದು ಹೇಳಿ, ಬಂದ ವಿಷಯ ಹೇಳಿದೆ.

"ಅಯ್ಯೋ, ಅದಾ! ಅದು ಆ ಹಮೀದ್ ಬ್ಯಾರಿ ಅಂದೇ ಬಂದು ಹೇಳಿದ್ದಾರಲ್ಲ, ತನ್ನಿಂದ ಆದದ್ದೂಂತ," ಎಂದರು.

"ಅವರಿಂದ ಆದದ್ದಲ್ಲ ಅಕ್ಕ. ಅವರಿಗೆ ಅದು ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ತಪ್ಪು ಮಾಡಿದ್ದು ನಾನು."

ಗಿರಿಜಕ್ಕ ಹಪ್ಪಳ ಮಗುಚುವುದನ್ನು ನಿಲ್ಲಿಸಿದರು. ಮುಖದಲ್ಲಿದ್ದ ನಗು ಮೆಲ್ಲಗೆ ಹೋಯಿತು.

"ನಾನು ಅವರನ್ನು ಗೇಟಿಂದ ಒಳಗೆ ಬಿಡ್ಲಿಲ್ಲ ಮಾರಾಯ್ತಿ," ಎಂದರು. "ಎಷ್ಟು ಬೈದೆ ಅಂತ ಉಂಟಾ! ನಿನ್ನಂಥವನಿಗೆ ಕೆಲಸ ಕೊಟ್ಟವರಿಗೆ ಬುದ್ಧಿ ಇಲ್ಲ ಅಂತ ಬೊಬ್ಬೆ ಹಾಕಿದೆ. ಆಚೆ ಮನೆಯವರೆಲ್ಲ ಬಂದು ನೋಡುತ್ತಿದ್ರು. ಅವರು ತಲೆ ಬಗ್ಗಿಸಿ, 'ಹೌದಕ್ಕ, ಹೌದಕ್ಕ' ಅಂತ ಕೇಳಿಸಿಕೊಂಡು, ಮತ್ತೆ ನನ್ನನ್ನೇ ಜೀಪಿನಲ್ಲಿ ಕೂರಿಸಿಕೊಂಡು ಹೋದ್ರು."

ಇದನ್ನು ಹಮೀದಣ್ಣ ನನಗೆ ಯಾವತ್ತೂ ಹೇಳಿರಲಿಲ್ಲ. ಅಂಗಡಿಯಲ್ಲಿ ನಗುತ್ತ ಹೇಳುವ ಆ ಕಥೆಯಲ್ಲಿ ಈ ಗೇಟು ಇರಲಿಲ್ಲ.

"ಆ ಬೈಗುಳ ನನಗೆ ಸೇರಿದ್ದು ಅಕ್ಕ. ಈಗ ಬೈಯಿರಿ," ಎಂದೆ.

ಅವರು ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಹೊರಟು ಬಂದೆ.

ಹಮೀದಣ್ಣ ಹೇಳಿದ ಮನೆಗಳು ಇನ್ನೂ ಬಹಳ ಇವೆ. ಪ್ರತಿ ಭಾನುವಾರ ಹೋಗುತ್ತಿದ್ದೇನೆ. ಆ ಗೇಟುಗಳಲ್ಲಿ ಅವರು ಏನೇನು ಕೇಳಿಸಿಕೊಂಡರೋ ನನಗೆ ಗೊತ್ತಿಲ್ಲ. ಒಂದೊಂದನ್ನೂ ಹೋಗಿ ಕೇಳಿಸಿಕೊಂಡು ಬರುತ್ತೇನೆ.